ನೀರು ಕೆಟ್ಟಿದೆಯಾ, ಕಿಟ್ ಕೆಟ್ಟಿದೆಯಾ? ಮನೆ ಸಾಮಾನಿನಲ್ಲೇ ಅಕ್ವೇರಿಯಂ ಟೆಸ್ಟ್ ಕಿಟ್ ಪರೀಕ್ಷಿಸುವ ಬಗೆ

ಕಲಬುರಗಿಯಲ್ಲಿ ಮೀನು ಸಾಕುವವರ ನಡುವೆ ಬೇಸಿಗೆ ಶುರುವಾದರೆ ಒಂದು ಪ್ರಶ್ನೆ ಓಡಾಡುತ್ತಲೇ ಇರುತ್ತದೆ. "ಅಣ್ಣಾ, ನೀರು ಕೆಟ್ಟದ ಏನ್ ಕಿಟ್ ಕೆಟ್ಟದ್ರಿ?"

ಕಿಟ್ ಅಂದರೆ ಟ್ಯಾಂಕಿನ ನೀರಿಗೆ ಹನಿ ಹಾಕಿ, ಬರುವ ಬಣ್ಣವನ್ನು ಕಾರ್ಡಿನ ಜೊತೆ ಹೋಲಿಸಿ ನೀರಿನಲ್ಲಿ ಏನಿದೆ ಅಂತ ನೋಡುವ ಟೆಸ್ಟ್ ಕಿಟ್. ಪ್ರಶ್ನೆ ಸರಿಯಾಗಿಯೇ ಇದೆ. ನೈಟ್ರೇಟ್ ಸೊನ್ನೆ ಅನ್ನುತ್ತದೆ ಕಿಟ್, ಗಾಜಿನ ತುಂಬ ಪಾಚಿ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಯಾವಾಗ ನೋಡಿದರೂ 7.6. ನಿನ್ನೆ ಅಮೋನಿಯ ಇರಲಿಲ್ಲ, ಇವತ್ತು ರಾತ್ರಿ ನೋಡಿದರೆ ಟ್ಯೂಬ್ ಹಸಿರು, ಅಂದರೆ ಅಮೋನಿಯ ಇದೆ. ಆಗ ಹೆಚ್ಚಿನವರು ಅಂಗಡಿಗೆ ಹೋಗಿ ಯಾವುದೋ ಬಾಟಲಿ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಅದು ಬೇಡ. ಟ್ಯಾಂಕಿಗೆ ಕೈ ಹಾಕುವ ಮೊದಲು ಕಿಟ್ಟನ್ನೇ ಪರೀಕ್ಷೆಗೆ ಕೂರಿಸಿ. ಉತ್ತರ ಮೊದಲೇ ಗೊತ್ತಿರುವ ನೀರನ್ನು ಅದಕ್ಕೆ ಕೊಡಿ. ಅದು ಸರಿ ಹೇಳಿದರೆ ಟ್ಯಾಂಕಿನ ಅಂಕಿಯನ್ನು ನಂಬಿ. ತಪ್ಪು ಹೇಳಿದರೆ ಮೀನಿಗೆ ಔಷಧ ಹಾಕಿ ಏನು ಪ್ರಯೋಜನ?

ಇದಕ್ಕೆ ಬೇಕಾದ ಸಾಮಾನೆಲ್ಲ ಊರಲ್ಲೇ ಸಿಗುತ್ತದೆ. ಮೆಡಿಕಲ್, ಗೊಬ್ಬರದ ಅಂಗಡಿ, ಬ್ಯಾಟರಿ ಅಂಗಡಿ, ಮನೆಯ ಅಡುಗೆಮನೆ, ಅಷ್ಟೇ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಖ್ಯ, ಏನೂ ಇಲ್ಲದ ನೀರು. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ವಾಟರ್ ಸಾಕು. ಸೀಲ್ ಇರುವ ಕ್ಯಾನ್ ತನ್ನಿ. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ) ಅಳೆಯುವ ಮೀಟರ್ ಅದ್ದಿದರೆ ಸೊನ್ನೆ ಅಥವಾ ಸೊನ್ನೆಯ ಹತ್ತಿರ ಇರಬೇಕು. ಮೂವತ್ತು ನಲವತ್ತು ತೋರಿಸಿದರೆ ಅದು ಯಾರೋ ತುಂಬಿಸಿದ ಆರ್‌ಒ ನೀರು, ನಮಗೆ ಬೇಡ. ಕುಡಿಯುವ ಕ್ಯಾನ್ ನೀರು ನಡೆಯುವುದಿಲ್ಲ. ಕಾಯಿಸಿ ಆರಿಸಿದ ನೀರೂ ಅಷ್ಟೇ, ಅದರಲ್ಲಿ ಲವಣ ಹಾಗೇ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿನ ಟಿಡಿಎಸ್ ಕಡಿಮೆಯೇ ಇರುತ್ತದೆ, ಆದರೆ ಧೂಳು, ಕಾಯಿಲ್‌ನ ಲೋಹ ಸೇರಿರಬಹುದು. ಇನ್ನು ಕೂಲರ್ ತೊಟ್ಟಿಯ ನೀರು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಆವಿಯಾಗಿ ಹೋಗಿ ಉಪ್ಪೆಲ್ಲ ತಳದಲ್ಲಿ ಕೂತಿರುತ್ತದೆ.

ಎರಡನೆಯದು ತಕ್ಕಡಿ. 0.01 ಗ್ರಾಂವರೆಗೆ ತೋರಿಸುವ ಕಿಸೆ ತಕ್ಕಡಿ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಬರುತ್ತದೆ. ಮೂರನೆಯದು ಸೂಜಿ ಇಲ್ಲದ ಸಿರಿಂಜ್. 5 ಎಂಎಲ್‌ದು ನಾಲ್ಕೈದು, 1 ಎಂಎಲ್‌ದು ಒಂದು. ತಕ್ಕಡಿ ಮತ್ತು ಸಿರಿಂಜ್ ಒಂದನ್ನೊಂದು ಕಾಯುತ್ತವೆ. ಸಿರಿಂಜ್‌ನಿಂದ 5 ಎಂಎಲ್ ಬ್ಯಾಟರಿ ವಾಟರ್ ತಕ್ಕಡಿ ಮೇಲಿನ ಬಟ್ಟಲಿಗೆ ಬಿಟ್ಟರೆ 5 ಗ್ರಾಂ ಬರಬೇಕು. ಬಂದರೆ ಎರಡೂ ಸರಿ ಅಂತ ಇಟ್ಟುಕೊಳ್ಳಿ. ಕಿಟ್ ಜೊತೆ ಬರುವ ಟ್ಯೂಬಿನ ಗೆರೆಯನ್ನೂ ಹೀಗೇ ನೋಡಿಬಿಡಿ. ಗೆರೆ ಸ್ವಲ್ಪ ಮೇಲೆ ಕೆಳಗೆ ಇದ್ದರೆ ಅದರ ಕಡೆ ನೋಡದೆ ಸಿರಿಂಜ್‌ನಿಂದಲೇ ಅಳೆದು ಹಾಕಿ.

ಸಿರಿಂಜ್‌ನ ಮೂತಿಗೆ ಏರ್ ಪಂಪಿನ ನಳಿಕೆ ಬಿಗಿಯಾಗಿ ಕೂರುತ್ತದೆ. ಒಂದು ಗೇಣು ನಳಿಕೆ ಸಿಕ್ಕಿಸಿ, ಅದನ್ನು ಹಳೆ ಸ್ಕೇಲಿಗೆ ಕಟ್ಟಿದರೆ ಟ್ಯಾಂಕಿನ ನಡುವಿನಿಂದ ನೀರು ಎಳೆಯಬಹುದು. ಮೇಲಿನ ನೀರಿನಲ್ಲಿ ಆಹಾರದ ಪುಡಿ, ಎಣ್ಣೆಯ ಪದರ ಇರುತ್ತದೆ. ಅದನ್ನೇ ತೆಗೆದು ಟೆಸ್ಟ್ ಮಾಡಿದರೆ ಇಡೀ ಟ್ಯಾಂಕಿನ ಸುದ್ದಿ ಸಿಗುವುದಿಲ್ಲ.

ಟ್ಯೂಬ್ ನಿಲ್ಲಿಸಲು ಥರ್ಮಾಕೋಲ್ ತುಂಡಿಗೆ ತೂತು ಕೊರೆದರೆ ಆಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನೈಟ್ರೇಟ್ ಯಾವಾಗಲೂ ಸೊನ್ನೆ

ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಮೀನು ತುಂಬಿದ, ತಿಂಗಳಾನುಗಟ್ಟಲೆ ಹಳೆಯ ಟ್ಯಾಂಕು. ಗಿಡ ಇಲ್ಲ. ಆದರೂ ನೈಟ್ರೇಟ್ ಸೊನ್ನೆ. ಇದು ಸಾಮಾನ್ಯವಾಗಿ ಆಗುವ ಮಾತಲ್ಲ. ಮೀನಿನ ಹೊಲಸಿನಿಂದ ಅಮೋನಿಯ, ಅದರಿಂದ ನೈಟ್ರೈಟ್, ಅದರಿಂದ ನೈಟ್ರೇಟ್. ಕೊನೆಯದು ನೀರಿನಲ್ಲಿ ಸೇರುತ್ತಲೇ ಹೋಗಬೇಕು.

ಕಾರಣ ಹೆಚ್ಚಾಗಿ ಎರಡನೇ ಬಾಟಲಿಯಲ್ಲಿರುತ್ತದೆ. ನೈಟ್ರೇಟ್ ಕಿಟ್‌ನ ಆ ಬಾಟಲಿಯಲ್ಲಿರುವ ಪುಡಿ ತಳಕ್ಕೆ ಕೂರುತ್ತದೆ, ಗಟ್ಟಿಯಾಗುತ್ತದೆ. ಎಪಿಐ ಕಂಪನಿಯ ಕಿಟ್‌ನ ಸೂಚನೆಯಲ್ಲಿ ಆ ಬಾಟಲಿಯನ್ನು 30 ಸೆಕೆಂಡು ಜೋರಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬನ್ನು 1 ನಿಮಿಷ ಕುಲುಕಿ, 5 ನಿಮಿಷ ಕಾಯಿರಿ ಅಂತ ಇದೆ. ಜನ ನಾಲ್ಕು ಸಲ ಅಲ್ಲಾಡಿಸಿ ಬಿಡುತ್ತಾರೆ. ಬಾಟಲಿ ಬಹಳ ದಿನ ಸುಮ್ನೆ ಕೂತಿದ್ದರೆ ಮೊದಲು ಮೇಜಿನ ಅಂಚಿಗೆ ತಟ್ಟಿ ತಳದ ಗಟ್ಟಿಯನ್ನು ಬಿಡಿಸಿ, ಆಮೇಲೆ ಕುಲುಕಿ.

ಕುಲುಕಿದ ಮೇಲೂ ಸೊನ್ನೆಯೇ? ಈಗ ಗೊತ್ತಿರುವ ನೀರು ಬೇಕು. ಗಂಜ್ ಮಾರುಕಟ್ಟೆಯ ಗೊಬ್ಬರದ ಅಂಗಡಿಯಲ್ಲಿ 13-0-45 ಕೇಳಿ. ತೊಗರಿ ನಾಡಿನ ರೈತರಿಗೆ ಈ ಅಂಕಿ ಹೊಸದಲ್ಲ. ಅದು ಪೊಟ್ಯಾಸಿಯಂ ನೈಟ್ರೇಟ್, ಅದರ ಸಾರಜನಕವೆಲ್ಲ ನೈಟ್ರೇಟ್ ರೂಪದಲ್ಲಿದೆ. 19-19-19 ಬೇಡ, ಯೂರಿಯಾ ಅಂತೂ ಬೇಡವೇ ಬೇಡ. ಯೂರಿಯಾ ಈ ಟೆಸ್ಟಿನಲ್ಲಿ ಕಾಣುವುದೇ ಇಲ್ಲ.

1.7 ಗ್ರಾಂ ತೂಗಿ 1 ಲೀಟರ್ ಬ್ಯಾಟರಿ ವಾಟರ್‌ನಲ್ಲಿ ಕರಗಿಸಿ. ಇದು ಸುಮಾರು 1000 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನೈಟ್ರೇಟ್, ನಿಮ್ಮ ಮೂಲ ದ್ರಾವಣ. ಅದರಿಂದ 2 ಎಂಎಲ್ ತೆಗೆದು 98 ಎಂಎಲ್ ಬ್ಯಾಟರಿ ವಾಟರ್‌ಗೆ ಸೇರಿಸಿದರೆ 20 ಪಿಪಿಎಂ. 4 ಎಂಎಲ್‌ಗೆ 96 ಸೇರಿಸಿದರೆ 40. ಗೊಬ್ಬರದ ಪುಡಿ ತೇವ ಹೀರಿ ಹೆಪ್ಪುಗಟ್ಟಿದ್ದರೆ ತೂಕ ಸ್ವಲ್ಪ ಸುಳ್ಳಾಗುತ್ತದೆ, ಒಣಗಿದ ಪುಡಿಯನ್ನೇ ಬಳಸಿ. ಮಕ್ಕಳ ಕೈಗೆ, ಬೆಂಕಿಯ ಹತ್ತಿರಕ್ಕೆ ಪ್ಯಾಕೆಟ್ ಹೋಗಬಾರದು.

ಈಗ ನಾಲ್ಕು ಟ್ಯೂಬ್ ಸಾಲಾಗಿ ಇಡಿ: ಬರೀ ಬ್ಯಾಟರಿ ವಾಟರ್, 20, 40, ಕೊನೆಗೆ ಟ್ಯಾಂಕ್ ನೀರು. ನಾಲ್ಕಕ್ಕೂ ಒಂದೇ ಹೊತ್ತಿಗೆ ಹನಿ ಹಾಕಿ. ಮೊದಲಿನದು ಹಳದಿಯಾಗಿಯೇ ಉಳಿದು, 20 ಕಿತ್ತಳೆಯಾಗಿ, 40 ಕೆಂಪಿಗೆ ತಿರುಗಿದರೆ ಕಿಟ್ ಬದುಕಿದೆ. 20 ಮತ್ತು 40 ಎರಡೂ ಹಳದಿಯಾಗೇ ಉಳಿದರೆ ಕಿಟ್ ಸತ್ತಿದೆ, ಎಸೆಯಿರಿ. ಎರಡರಲ್ಲೂ ಬಣ್ಣ ಬಂದು ಟ್ಯಾಂಕ್ ನೀರಿನಲ್ಲಿ ಮಾತ್ರ ಬರದಿದ್ದರೆ ನಿಮ್ಮ ಟ್ಯಾಂಕಿನಲ್ಲಿ ನಿಜವಾಗಿಯೂ ನೈಟ್ರೇಟ್ ಇಲ್ಲ. ಆ ಗಾಜಿನ ಪಾಚಿಯೇ ಅದನ್ನು ತಿನ್ನುತ್ತಿರಬಹುದು.

ಈ ಸಾಲು ಇಟ್ಟ ಮೇಲೆ ಕಿಟ್‌ನ ಬಣ್ಣದ ಕಾರ್ಡೇ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡ್ ಕಿಟಕಿ ಪಕ್ಕ ಇಟ್ಟರೆ ಬಿಸಿಲಿಗೆ ಮಾಸುತ್ತದೆ. ಮೊಬೈಲ್‌ನಲ್ಲಿ ತೆಗೆದ ಕಾರ್ಡಿನ ಫೋಟೊ ಅದಕ್ಕಿಂತ ದೊಡ್ಡ ಸುಳ್ಳುಗಾರ, ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ಸರಿಮಾಡಿಬಿಡುತ್ತದೆ. ನಿಮ್ಮದೇ 20ರ ಟ್ಯೂಬ್ ಪಕ್ಕದಲ್ಲಿ ಟ್ಯಾಂಕಿನ ಟ್ಯೂಬ್ ಹಿಡಿದು ನೋಡಿದರೆ ಮೇಲೋ ಕೆಳಗೋ ತಕ್ಷಣ ತಿಳಿಯುತ್ತದೆ.

ನಿಮ್ಮ 20 ಪಿಪಿಎಂ ನೀರಿಗೆ ಕಿಟ್ 4 ಅಥವಾ 5 ಅಂತ ತೋರಿಸಿದರೆ ಗಾಬರಿ ಬೇಡ. ಕೆಲವು ಕಿಟ್‌ಗಳು ನೈಟ್ರೇಟ್‌ನೊಳಗಿನ ಸಾರಜನಕವನ್ನಷ್ಟೇ ಲೆಕ್ಕ ಹಾಕುತ್ತವೆ. ಬಂದ ಅಂಕಿಯನ್ನು 4.4ರಿಂದ ಗುಣಿಸಿದರೆ ಹೊಂದಿಕೆಯಾಗುತ್ತದೆ.

ಟ್ಯಾಂಕಿನ ಟ್ಯೂಬ್ ಕಡು ಕೆಂಪಾದರೆ 40, 80, 160 ಎಲ್ಲ ಒಂದೇ ಥರ ಕಾಣುತ್ತವೆ. ಆಗ 1 ಎಂಎಲ್ ಟ್ಯಾಂಕ್ ನೀರಿಗೆ 4 ಎಂಎಲ್ ಬ್ಯಾಟರಿ ವಾಟರ್ ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು 5ರಿಂದ ಗುಣಿಸಿ. ಇನ್ನೊಂದು ವಿಷಯ. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಜಾಸ್ತಿ ಇರುವಾಗ ನೈಟ್ರೇಟ್ ಟೆಸ್ಟ್ ಮಾಡಬೇಡಿ. ಆ ಟೆಸ್ಟ್ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡೇ ಬಣ್ಣ ತರುತ್ತದೆ. ಹಾಗಾಗಿ ಮೊದಲೇ ಇದ್ದ ನೈಟ್ರೈಟ್ ಕೂಡ ನೈಟ್ರೇಟ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಪಿಎಚ್ 7.6 ಬಿಟ್ಟು ಕದಲುವುದಿಲ್ಲ

ನಮ್ಮ ಕಡೆ ಇದು ಮನೆ ಮನೆಯ ಕಥೆ. ಕಿಟ್‌ನಲ್ಲಿ ದೋಷವಿಲ್ಲ, ಅದರ ಅಳತೆಯೇ ಅಲ್ಲಿಗೆ ಮುಗಿಯುತ್ತದೆ. ಸಾಮಾನ್ಯ ಪಿಎಚ್ ಕಿಟ್ 6.0ರಿಂದ 7.6ರವರೆಗೆ ಮಾತ್ರ ಓದುತ್ತದೆ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿಯೆಲ್ಲ ಸುಣ್ಣದಕಲ್ಲು, ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನೆಗಳು. ಇಂಥ ನೆಲದ ಬೋರ್ ನೀರು 8ರ ಆಸುಪಾಸು ಇದ್ದರೆ ಆಶ್ಚರ್ಯವಿಲ್ಲ. 8.0 ಇದ್ದರೂ 8.4 ಇದ್ದರೂ ಆ ಕಿಟ್ ಅದೇ ನೀಲಿ ತೋರಿಸುತ್ತದೆ.

ಖಚಿತಪಡಿಸಿಕೊಳ್ಳಲು ಒಂದು ಲೋಟ ಬ್ಯಾಟರಿ ವಾಟರ್‌ಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಕರಗಿಸಿ. ಆಗಷ್ಟೇ ಮಾಡಿದ ಈ ನೀರಿನ ಪಿಎಚ್ ಸುಮಾರು 8.2, 8.3. ಇದಕ್ಕೂ ಟ್ಯಾಂಕ್ ನೀರಿಗೂ ಒಂದೇ ನೀಲಿ ಬಂದರೆ ನೀವು ಕಾರ್ಡಿನ ಕೊನೆಯಲ್ಲಿದ್ದೀರಿ. 7.4ರಿಂದ 8.8ರವರೆಗಿನ ಹೈ ರೇಂಜ್ ಬಾಟಲಿ ಬೇರೆ ಕೊಳ್ಳಬೇಕು. ಅರಿಶಿನದಿಂದ ಪಿಎಚ್ ನೋಡಬಹುದಾ ಅಂತ ಕೇಳುವವರಿದ್ದಾರೆ. ಅರಿಶಿನ ಸರಿಯಾಗಿ ಕೆಂಪಾಗುವ ಹೊತ್ತಿಗೆ ಪಿಎಚ್ 8.5 ದಾಟಿರುತ್ತದೆ. ಶಾಲೆಯ ಪ್ರಯೋಗಕ್ಕೆ ಚೆಂದ, ಟ್ಯಾಂಕಿಗೆ ಉಪಯೋಗವಿಲ್ಲ.

ಇನ್ನೊಂದು ದೂರು: ಬೋರ್ ನೀರು ಹಿಡಿದ ತಕ್ಷಣ 7.2, ಮರುದಿನ ಟ್ಯಾಂಕಿನಲ್ಲಿ 8.2. ಎರಡೂ ನಿಜ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅದು ಹೊರಗೆ ಹಾರಿದಂತೆ ಪಿಎಚ್ ಏರುತ್ತದೆ. ಬಕೆಟ್‌ನಲ್ಲಿ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಬಿಟ್ಟು, ಆಮೇಲೆ ಟೆಸ್ಟ್ ಮಾಡಿ. ಆ ಅಂಕಿಯೇ ಲೆಕ್ಕಕ್ಕೆ.

ಪೆನ್ ಥರದ ಪಿಎಚ್ ಮೀಟರ್ ಇರುವವರಿಗೆ ಅದನ್ನು ಪರೀಕ್ಷಿಸಲು ಸರಾಫ್ ಬಜಾರಿನಲ್ಲಿ ಔಷಧ ಇದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಕಾಯಿಸಿ ಆರಿಸಿದ 1 ಲೀಟರ್ ಬ್ಯಾಟರಿ ವಾಟರ್‌ಗೆ 3.8 ಗ್ರಾಂ ಶುದ್ಧ ಬಿಳಿಗಾರ ಹಾಕಿದರೆ 25 ಡಿಗ್ರಿಯಲ್ಲಿ ಪಿಎಚ್ 9.18. ಮೇ ತಿಂಗಳ ನಮ್ಮ ಕೋಣೆಯಲ್ಲಿ, 40 ಡಿಗ್ರಿಯಲ್ಲಿ, ಅದೇ ದ್ರಾವಣ 9.07 ಇರುತ್ತದೆ. ಮೀಟರ್ 9.1 ತೋರಿಸಿತು ಅಂತ ಸ್ಕ್ರೂ ತಿರುಗಿಸುವ ಮೊದಲು ಥರ್ಮಾಮೀಟರ್ ನೋಡಿ. ಬಾಟಲಿ ತೆರೆದಿಟ್ಟರೆ ಗಾಳಿ ಹೀರಿ ಪಿಎಚ್ ಇಳಿಯುತ್ತದೆ, ಮುಚ್ಚಿಡಿ. ಬಿಳಿಗಾರ ಹೊಟ್ಟೆಗೆ ಹೋಗಬಾರದ ವಸ್ತು, ಹೆಸರು ಬರೆದು ಮೇಲಿನ ಗೂಡಿನಲ್ಲಿಡಿ. ಪೆನ್ನಿನ ಗಾಜಿನ ತುದಿಯನ್ನು ಬ್ಯಾಟರಿ ವಾಟರ್‌ನಲ್ಲಿ ಅದ್ದಿಟ್ಟು ಮಲಗುವವರಿದ್ದಾರೆ. ಅದರಿಂದ ತುದಿ ಬೇಗ ಹಾಳಾಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಬೇಕು.

ಕೆಎಚ್, ಜಿಎಚ್: ಹನಿ ಎಣಿಸಿ ಎಣಿಸಿ ಸಾಕಾಯಿತು

ಕೆಎಚ್ ಅಂದರೆ ನೀರಿನ ಕಾರ್ಬೊನೇಟ್ ಗಡಸುತನ, ಜಿಎಚ್ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂನ ಒಟ್ಟು ಗಡಸುತನ. ಎರಡನ್ನೂ ಡಿಗ್ರಿಯಲ್ಲಿ ಅಳೆಯುತ್ತಾರೆ. ಹತ್ತು ಹನಿ, ಹದಿನೈದು ಹನಿ, ಇನ್ನೂ ಬಣ್ಣ ತಿರುಗಿಲ್ಲ. ಕಿಟ್ ಸರಿಯಿದೆಯಾ? ಅಡುಗೆ ಸೋಡಾ 1.2 ಗ್ರಾಂ ತೂಗಿ 1 ಲೀಟರ್ ಬ್ಯಾಟರಿ ವಾಟರ್‌ನಲ್ಲಿ ಕರಗಿಸಿ. ಇದು 40 ಡಿಗ್ರಿ ಕೆಎಚ್. ಇದರ 10 ಎಂಎಲ್‌ಗೆ 90 ಎಂಎಲ್ ಸೇರಿಸಿದರೆ 4 ಡಿಗ್ರಿ. ಒಂದು ಹನಿಗೆ ಒಂದು ಡಿಗ್ರಿ ಲೆಕ್ಕದ ಕಿಟ್‌ನಲ್ಲಿ ನಾಲ್ಕನೇ ಅಥವಾ ಐದನೇ ಹನಿಗೆ ಬಣ್ಣ ತಿರುಗಬೇಕು. ಏಳು ಹನಿ ಬೇಕಾದರೆ ಹನಿಯ ಗಾತ್ರ ಅಥವಾ ದ್ರಾವಣ ಕೆಟ್ಟಿದೆ. ಬಾಟಲಿಯನ್ನು ಓರೆಯಾಗಿ ಹಿಡಿದರೆ ಹನಿಯ ಗಾತ್ರ ಒಂದೊಂದು ಸಲ ಒಂದೊಂದು ಥರ. ತಲೆಕೆಳಗಾಗಿ ನೆಟ್ಟಗೆ ಹಿಡಿದು ನಿಧಾನವಾಗಿ ಒತ್ತಿ. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಹುಳಿ ಪುಡಿಯೂ ಹಿಟ್ಟೂ ಬೆರೆತಿರುತ್ತದೆ.

ಕಿಟ್ ಸರಿಯಿದ್ದು ಟ್ಯಾಂಕಿನ ಕೆಎಚ್ ಬಹಳ ಇದ್ದರೆ ಟ್ಯಾಂಕ್ ನೀರಿಗೆ ಅಷ್ಟೇ ಬ್ಯಾಟರಿ ವಾಟರ್ ಬೆರೆಸಿ, ಬಂದ ಹನಿಯನ್ನು ಎರಡರಿಂದ ಗುಣಿಸಿ. ದ್ರಾವಣವೂ ಉಳಿಯುತ್ತದೆ. ಜಿಎಚ್ ನೋಡಲು ಗೊಬ್ಬರದ ಅಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 0.44 ಗ್ರಾಂ ಹಾಕಿದರೆ 10 ಡಿಗ್ರಿ.

ಒಂದು ರೀಡಿಂಗ್ ಮಾತ್ರ ಎಲ್ಲರನ್ನೂ ಕಂಗೆಡಿಸುತ್ತದೆ. ಕೆಎಚ್ ಬಹಳ, ಜಿಎಚ್ ಸೊನ್ನೆ. ಕಿಟ್ ಬೈಯುವ ಮೊದಲು ಮಹಡಿ ಮೇಲೆ ವಾಟರ್ ಸಾಫ್ಟ್‌ನರ್ ಇದೆಯಾ ನೋಡಿ. ಸವಳು ನೀರಿನ ಕಾಟಕ್ಕೆ ಅದನ್ನು ಹಾಕಿಸಿದ ಮನೆಗಳಿವೆ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಕೆಎಚ್ ಹಾಗೇ ಉಳಿಯುತ್ತದೆ. ಕಿಟ್ ಹೇಳಿದ್ದು ಪೂರ್ತಿ ನಿಜ. ಟ್ಯಾಂಕಿಗೆ ಸಾಫ್ಟ್‌ನರ್‌ಗೆ ಮೊದಲಿನ ನಳದಿಂದ ನೀರು ಹಿಡಿಯಿರಿ.

ವಾರ ವಾರ ಟಿಡಿಎಸ್ ಏರುತ್ತಿದ್ದರೆ ಮೀಟರಿನ ಮೇಲೆ ಅನುಮಾನ ಬರುವುದು ಸಹಜ. 1 ಲೀಟರ್ ಬ್ಯಾಟರಿ ವಾಟರ್‌ಗೆ 0.5 ಗ್ರಾಂ ಉಪ್ಪು ಹಾಕಿ ಅದ್ದಿದರೆ 500ರ ಹತ್ತಿರ ತೋರಿಸಬೇಕು. ತೋರಿಸಿದರೆ ಮೀಟರ್ ಸರಿ. ಬಿಸಿಲಿಗೆ ನೀರು ಆವಿಯಾಗುತ್ತದೆ, ನೀವು ಬೋರ್ ನೀರಿನಿಂದ ತುಂಬಿಸುತ್ತೀರಿ, ಉಪ್ಪು ಒಳಗೇ ಉಳಿಯುತ್ತದೆ. ಇಳಿದ ನೀರನ್ನು ತುಂಬುವುದಕ್ಕೆ ಮಾತ್ರ ಆರ್‌ಒ ನೀರು ಬಳಸಿ. ಟ್ಯಾಂಕಿನಲ್ಲಿ ಅಂದಕ್ಕೆ ಇಟ್ಟ ಶಹಾಬಾದ್ ಫರಸಿ ತುಂಡಿನ ಮೇಲೂ ಜನ ದೂರು ಹೊರಿಸುತ್ತಾರೆ. ಅದು ಸುಣ್ಣದಕಲ್ಲು, ಮೆದು ನೀರಿನಲ್ಲಿ ಕರಗುತ್ತದೆ ನಿಜ. ನಮ್ಮ ಗಡಸು ನೀರಿನಲ್ಲಿ ಅದರ ಪಾಲು ಬಹಳ ಕಡಿಮೆ.

ಬಣ್ಣವೇ ತಿಳಿಯುತ್ತಿಲ್ಲ

ಅರ್ಧ ಜಗಳ ಬೆಳಕಿನದು. ಹಳದಿ ಬಲ್ಬಿನ ಕೆಳಗೆ, ಟ್ಯಾಂಕಿನ ನೀಲಿ-ಕೆಂಪು ಲೈಟಿನ ಮುಂದೆ ಟ್ಯೂಬ್ ಹಿಡಿದರೆ ಹಳದಿ ಯಾವುದು, ತಿಳಿ ಹಸಿರು ಯಾವುದು? ಹಗಲಿನಲ್ಲಿ ಅಮೋನಿಯ ಇಲ್ಲ, ರಾತ್ರಿ ಇದೆ ಅನ್ನುವ ದೂರಿನಲ್ಲಿ ಎಷ್ಟೋ ಸಲ ಬಲ್ಬೇ ಅಪರಾಧಿ.

ಚಪ್ಪಲಿ ಡಬ್ಬಿ ತನ್ನಿ. ಒಳಗೆಲ್ಲ ಬಿಳಿ ಹಾಳೆ ಅಂಟಿಸಿ. ಮುಚ್ಚಳದಲ್ಲಿ ಟ್ಯೂಬ್ ಇಳಿಯುವಷ್ಟು ಎರಡು ಜೋಡಿ ತೂತು, ಒಂದರ ಹಿಂದೊಂದು. ಮುಂದೆ ಕಣ್ಣಿಗೆ ಒಂದು ಸೀಳು. ಹಿಂದಿನ ಗೋಡೆಯಲ್ಲಿ ಕಿಟಕಿ ಕತ್ತರಿಸಿ ತೆಳು ಬಿಳಿ ಹಾಳೆ ಅಂಟಿಸಿ, ಅದರಾಚೆ 6500ಕೆ (ಹಗಲಿನಂಥ ಬಿಳಿ ಬೆಳಕು) ಅಂತ ಬರೆದಿರುವ ಎಲ್‌ಇಡಿ ಬಲ್ಬ್. ಹಗಲು ರಾತ್ರಿ ಒಂದೇ ಬೆಳಕು ಸಿಗುತ್ತದೆ.

ಎರಡು ಜೋಡಿ ತೂತು ಯಾಕೆ ಅಂದರೆ, ಬಾದಾಮಿ ಮರದ ಎಲೆ, ಕಟ್ಟಿಗೆ ತುಂಡು ಹಾಕಿದ ಟ್ಯಾಂಕಿನ ನೀರೇ ಚಹಾ ಬಣ್ಣದ್ದು. ಆ ಬಣ್ಣ ಟೆಸ್ಟಿನ ಬಣ್ಣಕ್ಕೆ ಸೇರಿ ರೀಡಿಂಗ್ ಏರಿಸುತ್ತದೆ. ಒಂದು ಸಾಲಿನಲ್ಲಿ ಟೆಸ್ಟ್ ಮಾಡಿದ ಟ್ಯೂಬ್, ಅದರ ಹಿಂದೆ ಬ್ಯಾಟರಿ ವಾಟರ್. ಇನ್ನೊಂದರಲ್ಲಿ ಹನಿ ಹಾಕದ ಟ್ಯಾಂಕ್ ನೀರು, ಅದರ ಹಿಂದೆ ನಿಮ್ಮ 20 ಪಿಪಿಎಂ ಟ್ಯೂಬ್. ಈಗ ಎರಡೂ ಕಡೆ ಚಹಾ ಬಣ್ಣ ಸಮ. ಉಳಿದ ವ್ಯತ್ಯಾಸ ನೈಟ್ರೇಟಿನದು ಮಾತ್ರ.

ಕೆಂಪು-ಹಸಿರು ಬಣ್ಣಗಳನ್ನು ಗುರುತಿಸಲು ಕಷ್ಟಪಡುವ ಕಣ್ಣು ಹಲವು ಗಂಡಸರಿಗಿದೆ. ಎರಡನೇ ಅಭಿಪ್ರಾಯಕ್ಕೆ ಮನೆಯವರನ್ನು ಕರೆಯಿರಿ.

ಅಮೋನಿಯ ಹಸಿರು ನಿಜವೇ?

ಇಲ್ಲಿ ಬ್ಯಾಟರಿ ವಾಟರ್ ಟ್ಯೂಬ್ ಇಲ್ಲದೆ ತೀರ್ಪು ಕೊಡಲೇಬಾರದು. ಟ್ಯಾಂಕ್ ನೀರಿನ ಪಕ್ಕದಲ್ಲಿ ಅದನ್ನೂ ಟೆಸ್ಟ್ ಮಾಡಿ. ಎರಡೂ ಹಸಿರಾದರೆ ತಪ್ಪು ಟ್ಯೂಬಿನದು, ಕೈಯದು ಅಥವಾ ಬಾಟಲಿಯದು. ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕುವುದು ದೊಡ್ಡ ತಪ್ಪು, ಬೆವರಿನಲ್ಲೂ ಅಮೋನಿಯ ಇರುತ್ತದೆ. ಗಾಜು ಒರೆಸುವ ಕೆಲವು ದ್ರಾವಣಗಳಲ್ಲಿಯೂ ಇದೆ. ಟ್ಯಾಂಕಿನ ಗಾಜು ಒರೆಸಿದ ಕೈಯಲ್ಲೇ ಟೆಸ್ಟ್‌ಗೆ ಕೂರಬೇಡಿ. ಒಂದು ಟೆಸ್ಟಿನ ಮುಚ್ಚಳ ಇನ್ನೊಂದಕ್ಕೆ ಹಾಕದಂತೆ ಮಾರ್ಕರ್‌ನಿಂದ ಗುರುತು ಮಾಡಿ. ಟ್ಯೂಬನ್ನು ಮೊದಲು ಬ್ಯಾಟರಿ ವಾಟರ್‌ನಲ್ಲಿ, ಆಮೇಲೆ ಟೆಸ್ಟ್ ಮಾಡುವ ನೀರಿನಲ್ಲೇ ಒಂದು ಸಲ ತೊಳೆಯಿರಿ. ಮತ್ತೆ, ಹೇಳಿದ 5 ನಿಮಿಷಕ್ಕೇ ನೋಡಿ. ಅರ್ಧ ಗಂಟೆ ಬಿಟ್ಟು ನೋಡಿದ ಬಣ್ಣ ಲೆಕ್ಕಕ್ಕಿಲ್ಲ.

ಕಿಟ್ ಬದುಕಿದೆಯಾ ಅಂತಷ್ಟೇ ನೋಡಲು ಕಲಾಯಿ ಹಾಕುವವರ ನವಸಾಗರ ಸಾಕು. ಒಂದು ಲೋಟ ಬ್ಯಾಟರಿ ವಾಟರ್‌ಗೆ ಅಕ್ಕಿ ಕಾಳಿನಷ್ಟು ಹಾಕಿದರೆ ಟ್ಯೂಬ್ ಕಡು ಹಸಿರಾಗಬೇಕು. ಅಂಗಡಿಯ ನವಸಾಗರ ಎಷ್ಟು ಶುದ್ಧವೋ ಏನೋ, ಆದ್ದರಿಂದ ಅದರಿಂದ ಅಳತೆಯ ದ್ರಾವಣ ಮಾಡಲು ಹೋಗಬೇಡಿ. ಅಮೋನಿಯ ಹಿಡಿದಿಡುವ ಕಂಡೀಷನರ್ (ನೀರು ಸರಿಮಾಡುವ ದ್ರಾವಣ) ಹಾಕಿದ್ದರೆ ಕಿಟ್ ಅದನ್ನೂ ಸೇರಿಸಿ ತೋರಿಸುತ್ತದೆ, ಅದು ಗೊತ್ತಿರಲಿ.

ಬ್ಯಾಟರಿ ವಾಟರ್ ಹಳದಿ, ಟ್ಯಾಂಕ್ ನೀರು ಹಸಿರು. ಹಾಗಾದರೆ ನಿಜ, ಮತ್ತು ನಮ್ಮ ಊರಲ್ಲಿ ತಡ ಮಾಡುವಂತಿಲ್ಲ. ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ಮೀನನ್ನು ಕೊಲ್ಲುವ ಭಾಗ ಪಿಎಚ್ ಮತ್ತು ಬಿಸಿಯ ಜೊತೆ ಏರುತ್ತದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಆ ಭಾಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8.2 ಇದ್ದರೆ ನೂರಕ್ಕೆ ಹನ್ನೊಂದು. ಮೆದು ನೀರಿನ, ಪಿಎಚ್ 7ರ ಹತ್ತಿರವಿರುವ ಊರಿನವರು 1 ಪಿಪಿಎಂ ಕಂಡು ನಾಳೆ ನೋಡೋಣ ಅನ್ನಬಹುದು. ನೀವು ಅನ್ನುವಂತಿಲ್ಲ.

ಹೊಸ ನೀರು ಹಾಕುವ ಮೊದಲು ಆ ಬಕೆಟ್ ನೀರನ್ನೂ ಇದೇ ಟೆಸ್ಟ್‌ಗೆ ಹಾಕಿ. ಅದರಲ್ಲೇ ಅಮೋನಿಯ ಇದ್ದರೆ ಬೇರೆ ನೀರು ಹುಡುಕಿ. ಇಲ್ಲದಿದ್ದರೆ ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬೆಚ್ಚಗಿರುವ ನೀರಿನಿಂದ ಮೂರನೇ ಒಂದರಿಂದ ಅರ್ಧದವರೆಗೆ ಬದಲಿಸಿ. ಮಧ್ಯಾಹ್ನ ಮಹಡಿ ಮೇಲಿನ ಟಾಕಿಯ ನೀರು ಬೇಡ, ಅದು ಸುಡುತ್ತಿರುತ್ತದೆ. ಒಂದೆರಡು ದಿನ ಆಹಾರ ನಿಲ್ಲಿಸಿ. ಫಿಲ್ಟರ್ ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಅದರೊಳಗಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ಹಳೆ ನೀರಲ್ಲೇ ಹಿಂಡಿ. ಮರುದಿನ ಬೆಳಿಗ್ಗೆ ಮತ್ತೆ ಎರಡು ಟ್ಯೂಬ್, ಒಂದು ಟ್ಯಾಂಕಿನದು, ಒಂದು ಬ್ಯಾಟರಿ ವಾಟರ್‌ದು.